ನಾಲ್ಕಡಿ ಮೇಜಿನ ಮೇಲೆ ಗೋದಲಿ: ಗುಹೆಯ ಅಳತೆ, ಕುಸಿಯುವ ಗುಡ್ಡ, ಯಾರನ್ನು ಯಾವಾಗ ಇಡಬೇಕು?

ಕಾಗದದಗುಡ್ಡ:
4 ಅಡಿ ಉದ್ದ, 3 ಅಡಿ ಅಗಲದ ಮೇಜಿನ ಮೇಲೆ ಗೋದಲಿ (ಗೊಂಬೆಗಳಿಂದ ಯೇಸುವಿನ ಜನನ ತೋರಿಸುವ ಕ್ರಿಸ್ಮಸ್ ದೃಶ್ಯ) ಕಟ್ಟಬೇಕು. ಗೊಂಬೆಗಳು ಪಿಒಪಿಯವು, ನಿಂತಿರುವ ಜೋಸೆಫರ ಎತ್ತರ 8 ಇಂಚು. ಹಿಂದಿನ ಗುಡ್ಡದಲ್ಲಿಡಲು 5 ಇಂಚಿನ ಕುರುಬರ ಸೆಟ್ಟೂ ಇದೆ. ಥರ್ಮೋಕೋಲ್ ತುಂಡುಗಳ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಬ್ರೌನ್ ಪೇಪರ್ ಹೊದಿಸಿದರೆ ಗುಡ್ಡ ಒಣಗುತ್ತಿದ್ದಂತೆ ಬಾಯಿ ಬಿಡುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಸ್ಪ್ರೇ ಬಣ್ಣ ಬಿದ್ದ ಕಡೆ ಥರ್ಮೋಕೋಲೇ ಕರಗುತ್ತದೆ. ಗುಹೆ ಎಷ್ಟು ದೊಡ್ಡದಿರಬೇಕು? ಗುಹೆ ಸರಿಯೋ, ಹುಲ್ಲಿನ ಕೊಟ್ಟಿಗೆ ಸರಿಯೋ? ಬಾಲಯೇಸುವನ್ನೂ ಮೂವರು ರಾಯರನ್ನೂ (ಮೂಡಣದಿಂದ ಕಾಣಿಕೆ ತಂದ ಜ್ಞಾನಿಗಳು) ಮೊದಲ ದಿನವೇ ಇಡಬಹುದೇ?

ಅಳತೆಕೋಲು:
ಎಲ್ಲ ಅಳತೆಯೂ ನಿಂತ ಗೊಂಬೆಯಿಂದ ಹುಟ್ಟಬೇಕು. ಗುಹೆಯ ಬಾಯಿಯ ಎತ್ತರ ಗೊಂಬೆಯ ಒಂದೂವರೆ ಪಟ್ಟು, ಅಂದರೆ 12 ಇಂಚು. ಅಗಲ 15–16, ಆಳ 10. ಇದಕ್ಕಿಂತ ಎತ್ತರ ಮಾಡಿದರೆ ಪವಿತ್ರ ಕುಟುಂಬ ಕುಗ್ಗಿ ಕಾಣುತ್ತದೆ, ಮೇಲೆ ಖಾಲಿ ಕತ್ತಲೆ ಉಳಿಯುತ್ತದೆ. 8 ಇಂಚಿನ ಮನುಷ್ಯನ ಪಕ್ಕದಲ್ಲಿ ಕುರಿಯ ಬೆನ್ನು ಮೂರೂವರೆ ಇಂಚು, ಕತ್ತೆಯದು 5, ಎತ್ತಿನದು ಆರೂವರೆ ಇರಬೇಕು. ಬಿಡಿಬಿಡಿಯಾಗಿ ಕೊಂಡ ಪ್ರಾಣಿಗಳಲ್ಲಿ ಕುರಿ ಕತ್ತೆಯಷ್ಟೇ ದೊಡ್ಡದಾಗಿ ಬಂದುಬಿಡುತ್ತದೆ, ಅಳೆದೇ ತನ್ನಿ.

ಗುಹೆಯನ್ನು ಮೇಜಿನ ನಟ್ಟನಡುವೆ ಕೂರಿಸಬೇಡಿ. ಎಡ ಅಂಚಿನಿಂದ 16 ಇಂಚಿನ ಸುಮಾರಿಗೆ ಅದರ ಮಧ್ಯ ಬರಲಿ, ಬಲಗಡೆ ದಾರಿಗೆ ಜಾಗ ಸಿಗುತ್ತದೆ. 5 ಇಂಚಿನವರು ಹಿಂದಿನ ಒಂದು ಅಡಿಯಲ್ಲಿ, ಎತ್ತರದಲ್ಲೇ ಇರಲಿ. ಅವರನ್ನು ಮುಂದೆ ತಂದರೆ ದೂರದ ಭ್ರಮೆ ಹೋಗಿ ಕುಳ್ಳರಂತೆ ಕಾಣುತ್ತಾರೆ. ಅಲ್ಲಿನ ಮನೆಗಳ ಬಾಗಿಲು 6 ಇಂಚು ಮೀರಬಾರದು.

ಗುಡ್ಡ ಬಾಯಿ ಬಿಡುವುದು ಕಾಗದ ಒಣಗುವಾಗ ಬಿಗಿದು ತುಂಡುಗಳನ್ನು ಎಳೆಯುವುದರಿಂದ. 12 ಮಿ.ಮೀ. ಪ್ಲೈವುಡ್‌ಗೆ ಒಂದಿಂಚಿನ ರೀಪರ್ ಗೂಟಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿ, ಕೋಳಿಗೂಡಿನ ಜಾಲರಿಯನ್ನು ಅವುಗಳಿಗೆ ಸ್ಟೇಪಲ್ ಹೊಡೆದು ಆಕಾರ ಕೊಡಿ. ಕಾಗದವನ್ನು ಅಂಗೈಯಗಲ ಹರಿದು (ಕತ್ತರಿಸಿದರೆ ಅಂಚು ಎದ್ದು ಕಾಣುತ್ತದೆ), ಪಿವಿಎ ಅಂಟು (ಮರಗೆಲಸದ ಬಿಳಿ ಅಂಟು) ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಮೂರು ಪದರ ಹಚ್ಚಿ, ಒಂದಕ್ಕೊಂದು ಅಡ್ಡಡ್ಡವಾಗಿ. ಒಂದು ಪದರ ಪೂರ್ತಿ ಒಣಗುವವರೆಗೆ ಮುಂದಿನದು ಬೇಡ. ಒಳಗೆ ಉಳಿದ ತೇವವೇ ಬೂಷ್ಟಿಗೆ ಮೂಲ, ಮೈದಾ ಅದಕ್ಕೆ ಆಹಾರ. ಸ್ಪ್ರೇಯಲ್ಲಿನ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ, ಹಾಗಾಗಿ ನೀರಿನ ಬಣ್ಣ ಬಳಸಿ: ಮೊದಲು ಕಡುಗಂದು, ಒಣಗಿದ ಮೇಲೆ ಬಹುಪಾಲು ಒಣಗಿದ ಬ್ರಷ್ಷಿನಿಂದ ತಿಳಿಬೂದು. ಬ್ರಷ್ಷು ಉಬ್ಬುಗಳನ್ನಷ್ಟೇ ಸವರಲಿ, ಆಗ ಕಾಗದ ಬಂಡೆಯಾಗುತ್ತದೆ.

ಮೂಡಣದಾರಿ:
ಗುಹೆಯೂ ಸರಿ, ಕೊಟ್ಟಿಗೆಯೂ ಸರಿ. ಬೈಬಲಿನ ಲೂಕನ ಶುಭಸಂದೇಶದಲ್ಲಿ ಮೇವಿನ ತೊಟ್ಟಿ ಇದೆ, ಕಟ್ಟಡದ ವರ್ಣನೆ ಇಲ್ಲ. ಗುಹೆಯ ನಂಬಿಕೆ 2ನೇ ಶತಮಾನದಿಂದಲೇ ಇದೆ. ಬೆತ್ಲೆಹೇಮಿನ ಜನನ ದೇವಾಲಯ ನಿಂತಿರುವುದೂ ಗುಹೆಯೊಂದರ ಮೇಲೆ, ಪೂರ್ವದ ಕ್ರೈಸ್ತ ಸಭೆಗಳ ಪವಿತ್ರ ಚಿತ್ರಗಳಲ್ಲೂ ಗುಹೆಯೇ. ನೇಪಲ್ಸಿನವರು 18ನೇ ಶತಮಾನದಲ್ಲಿ ಮುರಿದ ರೋಮನ್ ದೇಗುಲದ ಕಂಬಗಳ ನಡುವೆ ಗೋದಲಿ ಇಟ್ಟರು, ಹಳೆಯ ಯುಗ ಬಿದ್ದುಹೋಯಿತು ಎಂಬ ಅರ್ಥದಲ್ಲಿ.

ಎತ್ತು, ಕತ್ತೆ ಎರಡೂ ಶುಭಸಂದೇಶಗಳ ಜನನದ ವೃತ್ತಾಂತದಲ್ಲಿ ಇಲ್ಲ. ‘ಎತ್ತು ತನ್ನ ಯಜಮಾನನನ್ನು, ಕತ್ತೆ ಒಡೆಯನ ಮೇವಿನ ತೊಟ್ಟಿಯನ್ನು ಬಲ್ಲದು’ ಎಂಬ ಪ್ರವಾದಿ ಯೆಶಾಯನ ಮಾತಿನಿಂದ (1:3) ಬಂದವು. ಆದರೂ ಅವನ್ನು ಬಿಡಬೇಡಿ. ಮಿಲಾನಿನ ಸಂತ ಅಂಬ್ರೋಸರ ದೇವಾಲಯದಲ್ಲಿರುವ 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಯ ಕೆತ್ತನೆಯಲ್ಲಿ ಮಗುವಿನ ಜೊತೆ ಇರುವುದು ಇವೆರಡೇ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಏರ್ಪಡಿಸಿದ ಕ್ರಿಸ್ಮಸ್ ದೃಶ್ಯದಲ್ಲೂ ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ ಇದ್ದವು. ಅದನ್ನು ದಾಖಲಿಸಿದ, ಫ್ರಾನ್ಸಿಸರ ಜೀವನಚರಿತ್ರೆಕಾರ ಚೆಲಾನೋದ ಥಾಮಸರ ಬರಹದಲ್ಲಿ ಮರಿಯಳ ಅಥವಾ ಜೋಸೆಫರ ಪಾತ್ರಧಾರಿಗಳ ಪ್ರಸ್ತಾಪವೇ ಇಲ್ಲ.

ಬಾಲಯೇಸು ಡಿಸೆಂಬರ್ 24ರ ರಾತ್ರಿಯೇ ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗಮನ ಕಾಲವೆಲ್ಲ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ತೊಟ್ಟಿ ಖಾಲಿ ಇದ್ದರೆ ನೋಡುವವರೂ ಕಾಯುತ್ತಾರೆ. ದೇವದೂತನೂ ಗುಹೆಯೆದುರಿನ 8 ಇಂಚಿನ ಕುರುಬರೂ ಅದೇ ರಾತ್ರಿ ಬರಲಿ, ಲೂಕನ ಪ್ರಕಾರ ಎಲ್ಲವೂ ಒಂದೇ ರಾತ್ರಿಯದು. ರಾಯರು ತಮ್ಮ ಹಬ್ಬದ ದಿನವಾದ ಜನವರಿ 6ಕ್ಕೆ. ಡಿಸೆಂಬರ್ 25ರಂದು ಬಲ ಅಂಚಿನಲ್ಲಿಟ್ಟು ದಿನಕ್ಕೆ 2 ಇಂಚು ಸರಿಸಿದರೆ 12 ದಿನಕ್ಕೆ 24 ಇಂಚು, ಸರಿಯಾಗಿ ಗುಹೆಯ ಬಾಯಿಗೆ ಬರುತ್ತಾರೆ. ಮತ್ತಾಯನು ಅವರ ಸಂಖ್ಯೆ ಹೇಳಿಲ್ಲ. ಕಾಣಿಕೆ ಮೂರು ಇದ್ದುದರಿಂದ ಮೂವರಾದರು.

ಕಾಗದದಗುಡ್ಡ:
ಜಾಲರಿಗೇ ಹೋಗುತ್ತೇನೆ. ದೀಪ ಹೇಗೆ? ನಿಜವಾದ ಪಾಚಿ ಹಾಸಬಹುದೇ? ಗೊಂಬೆಗಳ ಬುಡದಲ್ಲಿ ಬಣ್ಣ ಏಳುತ್ತಿದೆ.

ಹಸಿರುಹಾಸು:
ಬಣ್ಣ ಏಳುವುದಕ್ಕೆ ಹಸಿ ಪಾಚಿಯೇ ಕಾರಣವಿರಬಹುದು. ಪಿಒಪಿ ಅಡಿಯಿಂದ ನೀರು ಹೀರುತ್ತದೆ, ಆ ತೇವ ಹೊರಬರುವಾಗ ಬಣ್ಣವನ್ನು ಎಬ್ಬಿಸುತ್ತದೆ. ಗೊಂಬೆಯ ತಳಕ್ಕೆ ಎರಡು ಕೋಟು ವಾರ್ನಿಷ್ ಹಚ್ಚಿ, ಕೆಳಗೆ ತಳದಳತೆಯ ಪ್ಲಾಸ್ಟಿಕ್ ತುಂಡು ಇಡಿ. ಪಾಚಿ ಬೇಕೇಬೇಕೆಂದರೆ ನೆರಳಲ್ಲಿ ಒಣಗಿಸಿ ಹಾಸಿ. ಹಸಿರು ಬಣ್ಣ ಕಲಸಿ ಒಣಗಿಸಿದ ಮರದ ಹೊಟ್ಟು ಇನ್ನೂ ಸುರಕ್ಷಿತ.

ಜೀವಂತ ಹಸಿರಿಗೆ ಫ್ರಾನ್ಸಿನ ಪ್ರೊವೆನ್ಸಿನವರ ಕ್ರಮ ಚೆನ್ನಾಗಿದೆ. ಸಂತ ಬಾರ್ಬರಾ ಹಬ್ಬದ ದಿನ, ಡಿಸೆಂಬರ್ 4ರಂದು, ಮೂರು ತಟ್ಟೆಗಳಲ್ಲಿ ಒದ್ದೆ ಹತ್ತಿಯ ಮೇಲೆ ಗೋಧಿ ಹಾಕುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಪೈರು ಸಿದ್ಧ. ಹತ್ತಿ ಒದ್ದೆಯಿರಬೇಕು, ನೀರು ನಿಲ್ಲಬಾರದು, ನಿಂತರೆ ಕಾಳು ಕೊಳೆಯುತ್ತದೆ. ಬೆಳಕು ಸಾಲದಿದ್ದರೆ ಪೈರು ಹಳದಿಯಾಗಿ ಬಾಗುತ್ತದೆ, ಕಿಟಕಿಯ ಬಳಿ ಬೆಳೆಸಿ ಆಮೇಲೆ ತನ್ನಿ.

ದೀಪಕ್ಕೆ 12 ವೋಲ್ಟಿನ ಎಲ್‌ಇಡಿ ಸಾಕು, ಹಳೆಯ ಬಲ್ಬು ಒಣಹುಲ್ಲಿನ ಬಳಿ ಅಪಾಯ. ಗುಹೆಯ ಬಾಯಿಯ ಮೇಲಂಚಿನ ಹಿಂದೆ ಒಂದು ಬೆಚ್ಚನೆ ಬಿಳುಪಿನ ದೀಪವನ್ನು (2700 ಕೆಲ್ವಿನ್) ಮಗುವಿನ ಕಡೆ ತಿರುಗಿಸಿ ಬಚ್ಚಿಡಿ. ಹಿಂದಿನ ಪರದೆಗೆ ಮಂದ ನೀಲಿ. ಮಿಣುಕುವ ಸರಗಳು ಬೇಡ, ಕಣ್ಣು ಮಗುವಿನ ಮೇಲೆ ನಿಲ್ಲುವುದಿಲ್ಲ. ಅಡಾಪ್ಟರ್ ಬಿಸಿಯಾಗುತ್ತದೆ, ಅದನ್ನು ಹುಲ್ಲಿನಡಿ ಹೂತಿಡದೆ ಮೇಜಿನ ಹೊರಗೆ ಗಾಳಿಯಾಡುವಲ್ಲಿ ಇಡಿ.

ಅಳತೆಕೋಲು:
ಗೋದಲಿಯನ್ನು ಜನವರಿ 6ರ ಬಳಿಕ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅಥವಾ ಹಳೆಯ ರೂಢಿಯಂತೆ ಫೆಬ್ರವರಿ 2ರವರೆಗೆ (ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬ) ಇಡಬಹುದು. ತೆಗೆಯುವಾಗ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ಒಳಗಿನ ತೇವ ಹೊರಹೋಗದೆ ಮತ್ತೆ ಬಣ್ಣ ಏಳುತ್ತದೆ. ತಳ ಒಣಗಿದ ಮೇಲೆ ಟಿಶ್ಯೂ ಕಾಗದ, ಅದರ ಮೇಲೆ ಹಳೆಯ ಹತ್ತಿ ಬಟ್ಟೆ ಸುತ್ತಿ ಮಲಗಿಸಿ. ಸುದ್ದಿಪತ್ರಿಕೆಯ ಮಸಿ ಬಿಳಿ ಉಡುಪಿಗೆ ಹತ್ತುತ್ತದೆ. ಮುರಿದ ಬೆರಳುಗಳನ್ನು ಚಿಕ್ಕ ಡಬ್ಬಿಗೆ ಹಾಕಿಡಿ, 1 ಮಿ.ಮೀ. ತಾಮ್ರದ ತಂತಿ ಒಳಗೆ ಕೊಟ್ಟು ಎಪಾಕ್ಸಿಯಲ್ಲಿ ಕೂರಿಸಬಹುದು.