ಸ್ಲೀಪರ್ ಬಸ್ ಅಪಘಾತದಲ್ಲಿ ಅಕ್ಕನ ಮುಂಗೈ ಮುರಿದಿದೆ: ಪರಿಹಾರದ ಅರ್ಜಿ ಎಲ್ಲಿ, ಯಾರ ಮೇಲೆ?

ಪ್ರಶ್ನೆ: ವರದಾತೀರ

ಬೆಂಗಳೂರಿನಿಂದ ಊರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಚಿತ್ರದುರ್ಗ ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ದೀಪ ಹಾಕದೆ ನಿಲ್ಲಿಸಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಅದರಲ್ಲಿದ್ದ ನನ್ನ ಅಕ್ಕನ ಬಲ ಮುಂಗೈ ಮೂಳೆ ಮುರಿದು, ಪ್ಲೇಟು ಮತ್ತು ಸ್ಕ್ರೂ ಹಾಕಿದ್ದಾರೆ. ಅಕ್ಕನಿಗೆ 38 ವರ್ಷ. ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾಳೆ. ಈಗ ಕತ್ತರಿ ಹಿಡಿದು ಬಟ್ಟೆ ಕತ್ತರಿಸಲು ಆಗುತ್ತಿಲ್ಲ. ಘಟನೆ ನಡೆದು ನಾಲ್ಕೂವರೆ ತಿಂಗಳಾಯಿತು. ಬಸ್ಸಿನ ಮಾಲೀಕರ ಕಡೆಯವರು ನಲವತ್ತು ಸಾವಿರ ರೂಪಾಯಿ ಕೊಡುವುದಾಗಿಯೂ, ಅದಕ್ಕೆ ಪ್ರತಿಯಾಗಿ ಛಾಪಾ ಕಾಗದದ ಮೇಲೆ ಸಹಿ ಮಾಡಬೇಕೆಂದೂ ಹೇಳುತ್ತಿದ್ದಾರೆ. ತಪ್ಪು ತಮ್ಮದಲ್ಲ, ಲಾರಿಯವನದು ಎಂಬುದು ಅವರ ವಾದ. ಆಸ್ಪತ್ರೆಯ ಬಳಿ ಸಿಕ್ಕ ವ್ಯಕ್ತಿಯೊಬ್ಬರು, ಬರುವ ಹಣದಲ್ಲಿ ನೂರಕ್ಕೆ ಇಪ್ಪತ್ತೈದು ಕೊಟ್ಟರೆ ವಕೀಲರಿಂದ ಹಿಡಿದು ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ನಾವು ಹಾವೇರಿ ಜಿಲ್ಲೆಯವರು. ಚಿತ್ರದುರ್ಗಕ್ಕೆ ಅಲೆಯಬೇಕೇ? ಯಾರ ಮೇಲೆ ಅರ್ಜಿ ಹಾಕಬೇಕು?

ಉತ್ತರ: ಕರಿಕೋಟು

ಮೊದಲನೆಯದಾಗಿ, ಆ ಛಾಪಾ ಕಾಗದಕ್ಕೆ ಸಹಿ ಮಾಡಬೇಡಿ. ಎರಡನೆಯದಾಗಿ, ದಿನ ಎಣಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಈ ಭಾಗವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರಂತೆ ಪರಿಹಾರ ಕೋರುವ 166ನೇ ಕಲಮಿನ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದಾರೆ. ಆದರೂ ಮಿತಿಯೊಳಗೆ ಹಾಕಲು ಸಾಧ್ಯವಿರುವ ನೀವು ಆ ವಾದಕ್ಕೆ ಸಿಲುಕುವ ಅಗತ್ಯವಿಲ್ಲ. ಪೊಲೀಸರು ನ್ಯಾಯಮಂಡಳಿಗೆ ಕಳುಹಿಸುವ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ ಎಂದು ಯಾರಾದರೂ ಹೇಳಿದರೆ ಅದು ನಿಜ, ಆದರೆ ಅದನ್ನೇ ನಂಬಿ ಕೂರಬೇಡಿ.

ಅರ್ಜಿದಾರರು ವಾಸವಿರುವ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದಾದ್ದರಿಂದ ಚಿತ್ರದುರ್ಗಕ್ಕೆ ಅಲೆಯಬೇಕಾಗಿಲ್ಲ. ಬಸ್ಸಿನ ಮಾಲೀಕರು, ಅದರ ವಿಮಾ ಕಂಪನಿ, ಲಾರಿಯ ಮಾಲೀಕರು, ಅದರ ವಿಮಾ ಕಂಪನಿ, ಈ ನಾಲ್ವರನ್ನೂ ಎದುರುದಾರರನ್ನಾಗಿ ಮಾಡಿ. ತಪ್ಪು ಬಸ್ಸಿನದೋ ಲಾರಿಯದೋ ಎಂಬ ಜಗಳ ಅವರವರ ನಡುವಿನದು, ಬರ್ತಿನಲ್ಲಿ ಮಲಗಿದ್ದ ಪ್ರಯಾಣಿಕರದಲ್ಲ. ಎರಡು ವಾಹನಗಳ ತಪ್ಪು ಕೂಡಿ ಮೂರನೆಯವರಿಗೆ ಪೆಟ್ಟಾದಾಗ, ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2015ರ ಖೆನ್ಯೇಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ 164ನೇ ಕಲಮೂ ಇದೆ. ಅದು ಸುಲಭದ ದಾರಿ, ಆದರೆ ಮೊತ್ತ ಅಷ್ಟಕ್ಕೇ ನಿಂತುಹೋಗುತ್ತದೆ.

ನಿಮ್ಮ ಅಕ್ಕನ ಪ್ರಕರಣದ ತೂಕವೆಲ್ಲ ಇರುವುದು ಅಂಗವೈಕಲ್ಯದ ಲೆಕ್ಕದಲ್ಲಿ. ವೈದ್ಯರು ಬಲಗೈಗೆ ಶೇ. 36ರಷ್ಟು ವೈಕಲ್ಯವೆಂದು ಬರೆದರೆಂದುಕೊಳ್ಳಿ. ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗವನ್ನು, ಅಂದರೆ ಶೇ. 12ನ್ನು, ಇಡೀ ದೇಹದ ವೈಕಲ್ಯವೆಂದು ಹಿಡಿಯುತ್ತಾರೆ. ತಿಂಗಳಿಗೆ 15,000 ರೂಪಾಯಿ ಆದಾಯವೆಂದು ಇಟ್ಟುಕೊಂಡರೆ, 36ರಿಂದ 40ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 15 ಆಗಿರುವುದರಿಂದ, ಮುಂದಿನ ಗಳಿಕೆಯ ನಷ್ಟ 3,24,000 ರೂಪಾಯಿ ಆಗುತ್ತದೆ. ಆದರೆ ದೇಹಕ್ಕಾದ ವೈಕಲ್ಯವೇ ಬೇರೆ, ಅದರಿಂದ ಆ ವ್ಯಕ್ತಿಯ ಕಸುಬಿಗೆ ಆದ ನಷ್ಟವೇ ಬೇರೆ ಎಂದು 2011ರ ರಾಜ್ ಕುಮಾರ್ ತೀರ್ಪು ಹೇಳುತ್ತದೆ. ಕುಳಿತು ಮೇಲ್ವಿಚಾರಣೆ ಮಾಡುವವರಿಗೆ ಮಣಿಕಟ್ಟು ಬಾಗದಿದ್ದರೆ ನಡೆದೀತು, ಹೊಲಿಯುವವರಿಗೆ ನಡೆಯದು. ನಷ್ಟವನ್ನು ಶೇ. 20 ಎಂದು ಒಪ್ಪಿಸಲು ಸಾಧ್ಯವಾದರೆ ಅದೇ ಮೊತ್ತ 5,40,000 ಆಗುತ್ತದೆ. ಚಿಕಿತ್ಸೆಯ ವೆಚ್ಚ, ನೋವು, ಕೆಲಸವಿಲ್ಲದ ತಿಂಗಳುಗಳ ಆದಾಯ, ಮುಂದೆ ಪ್ಲೇಟು ತೆಗೆಸುವ ಖರ್ಚು ಇವೆಲ್ಲ ಇದಕ್ಕೆ ಹೊರತಾದವು.

ಉತ್ತರ: ಉಳಿಬಾಚಿ

ನಾನು ಬಡಗಿ. ಬಸ್ಸು ಮಗುಚಿ ಭುಜಕ್ಕೆ ಪೆಟ್ಟಾಗಿ ಇದೇ ದಾರಿ ತುಳಿದವನಾದ್ದರಿಂದ, ಕಾನೂನು ತಿಳಿದವರು ಹೇಳದ ಒಂದು ಮಾತನ್ನು ಸೇರಿಸುತ್ತೇನೆ. ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು, ಈಗಲೂ ಕೆಲಸಕ್ಕೆ ಹೋಗುತ್ತಿದ್ದೀರಲ್ಲವೇ ಎಂದು ಬಹಳ ಸಮಾಧಾನದಿಂದ ಕೇಳಿದರು. ಹೌದು ಎಂದುಬಿಟ್ಟೆ. ಹೋಗುವುದು ನಿಜವೇ. ಆದರೆ ಮರ ಎತ್ತಲು ದಿನಗೂಲಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇನೆ ಎಂಬುದನ್ನು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಒಂದು ಮಾತಿನಿಂದಲೇ ವೈಕಲ್ಯದ ಪ್ರಮಾಣ ಇಳಿಯಿತು ಎಂದು ನನ್ನ ನಂಬಿಕೆ. ಅಕ್ಕನವರು ಏನೇನು ಮಾಡಲಾರರು ಎಂಬುದನ್ನು ಈಗಲೇ ಬರೆದಿಡಿ: ದಪ್ಪ ಬಟ್ಟೆ ಕತ್ತರಿಸುವುದು, ಕಾಜಾ ಹಾಕುವುದು, ಸೀರೆಗೆ ಫಾಲ್ ಹಚ್ಚುವುದು, ಯಾವುದಾದರೂ ಸರಿ.

ಇನ್ನೊಂದು ವಿಷಯ. ಎಫ್‌ಐಆರ್‌ನಲ್ಲಿ ಎಲ್ಲ ಗಾಯಾಳುಗಳ ಹೆಸರು ಇರುವುದಿಲ್ಲ. ಆರೋಪಪಟ್ಟಿಯಲ್ಲಿ ಅಕ್ಕನವರ ಹೆಸರಿದೆಯೇ ಎಂದು ನೋಡಿ. ಇಲ್ಲವಾದರೆ, ಮೊದಲು ಸೇರಿಸಿದ ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆ ಬರೆದಿಡುವ) ದಾಖಲೆ, ಗಾಯದ ಪ್ರಮಾಣಪತ್ರ ಮತ್ತು ಬಸ್ಸಿನ ಟಿಕೆಟ್ಟಿನ ಸಂದೇಶ ಕೈಯಲ್ಲಿರಬೇಕು. ಸಂದೇಶವನ್ನು ಅಳಿಸಬೇಡಿ.

ಉತ್ತರ: ತಾಲ್ಲೂಕು ಕಟ್ಟೆ

ನೂರಕ್ಕೆ ಇಪ್ಪತ್ತೈದರ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಡವಳಿಕೆಗೆ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ನಿಯಮಗಳಿಗೆ ವಿರುದ್ಧವಾದುದು. ಆದರೂ ಆ ಪದ್ಧತಿ ಬೇಕಾದಷ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತವಾಗಿ ವಕೀಲರ ನೆರವು ಸಿಗಬೇಕು. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಕ್ಕನವರೇ ಒಂದು ಅರ್ಜಿ ಬರೆದುಕೊಡಲಿ.

ವರದಾತೀರ

ಎಲ್ಲರಿಗೂ ಕೃತಜ್ಞತೆಗಳು. ಸಹಿ ಮಾಡಿಲ್ಲ. ಆರೋಪಪಟ್ಟಿಯಲ್ಲಿ ಅಕ್ಕನ ಹೆಸರಿದೆ, ಆದರೆ ಗಂಡನ ಹೆಸರು ತಪ್ಪಾಗಿದೆ. ಇನ್ನೊಂದು ತೊಡಕೆಂದರೆ, ಆಕೆಗೆ ಸಂಬಳದ ಚೀಟಿಯಾಗಲಿ ಆದಾಯ ತೆರಿಗೆಯ ಕಾಗದವಾಗಲಿ ಇಲ್ಲ. ಗಿರಾಕಿಗಳ ಅಳತೆ ಬರೆದಿಟ್ಟ ಪುಸ್ತಕಗಳು ಮಾತ್ರ ಇವೆ.

ಉತ್ತರ: ಕರಿಕೋಟು

ಹೆಸರಿನ ತಪ್ಪಿಗೆ ಆಧಾರ್ ಕಾರ್ಡು ಮತ್ತು ಎಂಎಲ್‌ಸಿ ದಾಖಲೆಯನ್ನು ಜೊತೆಗಿಟ್ಟು, ಇಬ್ಬರೂ ಒಬ್ಬರೇ ಎಂದು ಅರ್ಜಿಯಲ್ಲಿಯೇ ಬರೆಯಿಸಿ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿಯು ಆಯಾ ವರ್ಷಕ್ಕೆ ರೂಢಿಯಲ್ಲಿರುವ ಅಂದಾಜು ಆದಾಯವನ್ನು ಹಿಡಿಯುತ್ತದೆ. ಅಳತೆ ಪುಸ್ತಕವನ್ನು ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅಪಘಾತಕ್ಕೆ ಮುಂಚಿನ ಆರು ತಿಂಗಳಲ್ಲಿ ಎಷ್ಟು ಗಿರಾಕಿಗಳು, ಆನಂತರ ಎಷ್ಟು ಎಂಬುದು ಅದರ ತಾರೀಕುಗಳಲ್ಲಿಯೇ ಇರುತ್ತದೆ. ಗಿರಾಕಿಗಳಲ್ಲಿ ಇಬ್ಬರು ಸಾಕ್ಷಿ ನುಡಿಯಲು ಒಪ್ಪಿದರೆ ಇನ್ನೂ ಒಳ್ಳೆಯದು. ಪುಸ್ತಕಕ್ಕೆ ಈಗ ಹೊಸದಾಗಿ ಏನನ್ನೂ ಬರೆದು ಸೇರಿಸಬೇಡಿ.