ರಾಜಕೀಯದಿಂದ ದೂರ ಎಂದರೆ ಎಷ್ಟು ದೂರ?

ಪ್ರಶ್ನೆ: ಮಲೆನಾಡಿನ ಮೇಷ್ಟ್ರು

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ವಾಸವೂ ಮತವೂ ಹುಟ್ಟಿದ ಊರಿನಲ್ಲೇ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ಅವಿರೋಧ ಆಯ್ಕೆಯೇ ಆಗಬೇಕೆಂದು ಹಿರಿಯರು ದೇವಸ್ಥಾನದ ಕಟ್ಟೆಯಲ್ಲಿ ಕುಳಿತು ತೀರ್ಮಾನಿಸಿದ್ದಾರೆ. ಊರಿನಲ್ಲಿ ರಾಜಕೀಯ ಬೇಡವೆಂಬುದು ಅವರು ಕೊಡುವ ಕಾರಣ. ಜೀರ್ಣೋದ್ಧಾರಕ್ಕೆ ಹೆಚ್ಚು ಹಣ ಕಟ್ಟುವವರಿಗೇ ಸ್ಥಾನವೆಂಬ ಮಾತೂ ಕಿವಿಗೆ ಬಿದ್ದಿದೆ. ಸ್ಪರ್ಧಿಸಬೇಕೆಂದಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾಮಪತ್ರ ತುಂಬಲು ನೆರವು ಕೇಳಿದ್ದಾಳೆ. ಅದು ತಿಳಿದ ಕೂಡಲೇ ಹಿರಿಯರೊಬ್ಬರು ಮನೆಗೆ ಬಂದು, ‘ಮೇಷ್ಟ್ರೇ, ನೀವು ನೌಕರಿಯಲ್ಲಿರುವವರು, ರಾಜಕೀಯಕ್ಕೆ ಕೈಹಾಕಬೇಡಿ’ ಎಂದು ಹೇಳಿ ಹೋದರು. ನಾನು ಸುಮ್ಮನಿದ್ದರೆ ಅದನ್ನು ತಟಸ್ಥತೆ ಎನ್ನಬಹುದೇ?

ಉತ್ತರ: ನಿವೃತ್ತ ಅಧೀಕ್ಷಕ

ಮೊದಲು ನಿಯಮ ನೋಡೋಣ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು 1966ರಿಂದ ಇದ್ದವು. ಈಗ ಜಾರಿಯಲ್ಲಿರುವುದು 2021ರವು. ನೌಕರನು ಪಕ್ಷದ ಸದಸ್ಯನಾಗುವಂತಿಲ್ಲ, ಯಾರ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ, ಮೈಮೇಲಾಗಲಿ, ವಾಹನ ಅಥವಾ ಮನೆಯ ಮೇಲಾಗಲಿ ಚುನಾವಣಾ ಚಿಹ್ನೆ ಪ್ರದರ್ಶಿಸುವಂತಿಲ್ಲ. ಮತ ಹಾಕಬಹುದು, ಆದರೆ ಯಾರಿಗೆ ಹಾಕಿದೆನೆಂಬ ಸುಳಿವು ಕೊಡಬಾರದು. ಆದ್ದರಿಂದ ಆ ಹೆಣ್ಣುಮಗಳ ನಾಮಪತ್ರವನ್ನು ತಾವು ತುಂಬಿಕೊಡಬೇಡಿ. ಚುನಾವಣಾಧಿಕಾರಿಯ ಬಳಿ ವಿಚಾರಿಸಲು ಹೇಳಿ, ಅಷ್ಟು ಸಾಕು.

ಇಷ್ಟೆಲ್ಲ ಕಟ್ಟುಪಾಡು ಹಾಕುವ ಇದೇ ವ್ಯವಸ್ಥೆ ಶಿಕ್ಷಕರಿಗೆ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7ನ್ನು ಬೇರೆಯಾಗಿ ಕೊಟ್ಟಿದೆ, ಪ್ರೌಢಶಾಲೆಯವರಾದ ತಾವೂ ಅದರ ಮತದಾರರಾಗಬಹುದು ಎನ್ನುವುದನ್ನು ಆ ಹಿರಿಯರಿಗೆ ನೆನಪಿಸಬಹುದು! ಪಕ್ಷದಿಂದ ದೂರವಿರಿ ಎಂದು ನಿಯಮ ಹೇಳುತ್ತದೆಯೇ ಹೊರತು ಪೌರನಾಗಿರಬೇಡಿ ಎಂದು ಹೇಳುವುದಿಲ್ಲ.

ಉತ್ತರ: ಹೊಳೆಸಾಲು

ನಿಮ್ಮ ಊರಿನ ಹಿರಿಯರು ‘ರಾಜಕೀಯ ಬೇಡ’ ಎನ್ನುತ್ತಲೇ ಮಾಡುತ್ತಿರುವುದು ಅಪ್ಪಟ ರಾಜಕೀಯ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆಯೇ ನಡೆಯುತ್ತದೆ. ಪಕ್ಷಗಳ ಜಗಳವನ್ನು ಹೊರಗಿಡುವ ಏರ್ಪಾಡು ಕಾನೂನಿನಲ್ಲೇ ಇರುವಾಗ ಅವಿರೋಧದ ಹೆಸರಿನಲ್ಲಿ ಹೊರಗುಳಿಯುವವರು ಸ್ಪರ್ಧಿಸಬೇಕೆಂದಿರುವ ಸಾಮಾನ್ಯ ಜನ ಮಾತ್ರ. ಕಣದಲ್ಲಿ ಒಬ್ಬರೇ ಉಳಿದರೆ ಮತದಾನವೇ ಇಲ್ಲ, ಗುಟ್ಟಾಗಿ ಭಿನ್ನಾಭಿಪ್ರಾಯ ತೋರಿಸಲು ಇರುವ ಒಂದೇ ಜಾಗವೂ ಮುಚ್ಚಿಹೋಗುತ್ತದೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಕೆಲವು ಕಡೆ ಸ್ಥಾನಗಳು ಹರಾಜಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿದ್ದು ಸುಮ್ಮನೆ ಅಲ್ಲ.

ಎಲ್ಲ ಅವಿರೋಧ ಆಯ್ಕೆಯೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿಲ್ಲಬೇಕೆಂದವರು ತಾವಾಗಿಯೇ ಹಿಂದೆ ಸರಿದರೇ, ಸರಿಸಲ್ಪಟ್ಟರೇ ಎಂಬುದೊಂದನ್ನು ನೋಡಿ.

ಉತ್ತರ: ಬಯಲುಸೀಮೆ

ಹೊಳೆಸಾಲು ಅವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಊರಿನ ಮೇಷ್ಟ್ರು ಯಾವ ಬಣಕ್ಕೂ ಸೇರದೆ ಉಳಿಯುವುದಕ್ಕೆ ಬೆಲೆಯಿದೆ. ಮತಗಟ್ಟೆಯಲ್ಲಿ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವವರು, ಸಹಿ ಹಾಕಿಸಿಕೊಂಡು ಮತಪತ್ರ ಕೊಡುವವರು ಹೆಚ್ಚಿನ ಕಡೆ ಶಿಕ್ಷಕರೇ. ಎದುರು ಕುಳಿತ ಏಜೆಂಟರೆಲ್ಲರೂ ಅವರನ್ನು ನಂಬುವುದರಿಂದಲೇ ಆ ಕೆಲಸ ನಡೆಯುತ್ತದೆ. ಒಮ್ಮೆ ‘ಇವರು ಆ ಕಡೆಯವರು’ ಎಂಬ ಹೆಸರು ಬಂದರೆ ತರಗತಿಯಲ್ಲಿ ಕುಳಿತ ಮಕ್ಕಳೂ ಎರಡು ಪಾಲಾಗುತ್ತಾರೆ.

ಆದರೆ ಗ್ರಾಮಸಭೆಯಿಂದ ದೂರ ಉಳಿಯಬೇಡಿ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವಾಗ, ಹೆಂಚಿನ ಮನೆ ಕುಸಿದ ವಿಧವೆಯ ಹೆಸರು ಬಿಟ್ಟುಹೋಗಿದೆ ಎಂದು ಎದ್ದುನಿಂತು ಹೇಳುವುದು ಯಾರ ಪರವೂ ಅಲ್ಲ. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಯಿತೇ ಎಂದು ನೋಡಿಕೊಂಡು ಸಹಿ ಹಾಕಿ ಬನ್ನಿ.

ಮಲೆನಾಡಿನ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಆಕೆಗೆ ಚುನಾವಣಾಧಿಕಾರಿಯನ್ನು ಕಾಣಲು ಹೇಳುತ್ತೇನೆ. ಹರಾಜಿನ ವಿಷಯವನ್ನು ಲಿಖಿತವಾಗಿ ತಿಳಿಸಿದರೆ ಅದೂ ರಾಜಕೀಯವಾಗುತ್ತದೆಯೇ?

ನಿವೃತ್ತ ಅಧೀಕ್ಷಕ

ಆಗುವುದಿಲ್ಲ. ಜಿಲ್ಲಾಧಿಕಾರಿಯವರಿಗೆ ಮತದಾರನಾಗಿ ಬರೆಯಿರಿ, ಶಾಲೆಯ ಮೊಹರು ಬಳಸಬೇಡಿ. ಕಿವಿಗೆ ಬಿದ್ದದ್ದನ್ನು ಕೇಳಿದ್ದೆಂದೂ ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ ಬೇರೆ ಮಾಡಿ ಬರೆಯಿರಿ. ಯಾವ ಅಭ್ಯರ್ಥಿಯ ಹೆಸರನ್ನೂ ಹೊಗಳಬೇಡಿ. ಸ್ವೀಕೃತಿ ಪಡೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ.