ಓದುಗರ ಸ್ಪಂದನ: ಮಗ ಫೋನ್ ಎತ್ತದಿದ್ದರೆ ಕೈಕಾಲೇ ಆಡುವುದಿಲ್ಲ

ಮಗ ಬೈಕಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗುತ್ತಾನೆ. ಫೋನ್ ಎತ್ತದಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಇಸಿಜಿ ಸರಿಯಿದೆ. ಮನೆಯವರು 'ಸುಮ್ನೆ ಯೋಚನೆ ಮಾಡಬೇಡ' ಅನ್ನುತ್ತಾರೆ. ಏನು ಮಾಡಲಿ ಎಂದು ಮಂಡ್ಯದ ಓದುಗರೊಬ್ಬರು ಕೇಳಿದ್ದರು.

ಅಕ್ಕಾ, ನಿಮ್ಮ ಪತ್ರ ಓದಿ ಇದು ನಾನೇ ಬರೆದದ್ದೇನೋ ಅನ್ನಿಸಿತು. ನಮ್ಮ ಯಜಮಾನರು ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಾರೆ. ಮೊದಲೆಲ್ಲ ರಾಮನಗರ ದಾಟಿತಾ, ಮದ್ದೂರು ಬಂತಾ, ಪಾಂಡವಪುರ ಬಿಟ್ಟಿತಾ ಅಂತ ಫೋನ್ ಮಾಡುತ್ತಲೇ ಇರುತ್ತಿದ್ದೆ. 'ಬರ್ತಿದೀನಿ ಕಣೇ' ಅಂದರೆ ಹತ್ತು ನಿಮಿಷ ಸಮಾಧಾನ, ಆಮೇಲೆ ಮತ್ತೆ ಶುರು. ಒಂದು ಸಂಜೆ ಅವರು ಎತ್ತಲಿಲ್ಲ. ಒಲೆ ಮೇಲೆ ಸಾರು ಸೀದುಹೋಗುತ್ತಿದೆ, ನಾನು ಅಡುಗೆಮನೆ ಕಟ್ಟೆ ಹಿಡಿದುಕೊಂಡು ನಿಂತಿದ್ದೇನೆ, ಬೆರಳ ತುದಿಯೆಲ್ಲ ಜುಮುಜುಮು, ತಲೆ ಗಿರ್ರನೆ ತಿರುಗುತ್ತಿದೆ, ಲಕ್ವಾನೇ ಹೊಡೆಯಿತು ಅಂದುಕೊಂಡೆ.

ಡಾಕ್ಟರು ಬಿಡಿಸಿ ಹೇಳಿದರು. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಜಾಸ್ತಿಯಾಗಿ ಎದೆಬಡಿತ, ಉಸಿರು ಎರಡೂ ಜೋರಾಗುತ್ತವೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆ ಜುಮುಜುಮು, ತಲೆಸುತ್ತು ಅದರಿಂದಲೇ ಅಂತೆ. ಈಗ ಹಾಗಾದರೆ ಕೂತುಬಿಡುತ್ತೇನೆ. ಉಸಿರನ್ನು ಮೆಲ್ಲಗೆ ಎಳೆದು, ಎಳೆದದ್ದಕ್ಕಿಂತ ಉದ್ದಕ್ಕೆ ಹೊರಗೆ ಬಿಡುತ್ತೇನೆ.

ಆದರೆ ನನಗೆ ಹೆಚ್ಚು ಗುಣ ಕೊಟ್ಟದ್ದು ಫೋನ್ ಮಾಡುವುದನ್ನು ಮುಂದಕ್ಕೆ ಹಾಕಿದ್ದು. ಮೊದಲ ವಾರ ಹತ್ತು ನಿಮಿಷ ತಡೆದೆ, ಆಮೇಲೆ ಅರ್ಧ ಗಂಟೆ. ಆ ಹತ್ತು ನಿಮಿಷ ನರಕ, ಸುಳ್ಳು ಹೇಳುವುದಿಲ್ಲ. ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದೆ. ಭಯ ಏರುತ್ತದೆ, ಏರುತ್ತದೆ, ಆಮೇಲೆ ಫೋನ್ ಮಾಡದೆಯೂ ಇಳಿಯುತ್ತದೆ. ಅದು ಇಳಿಯುವುದನ್ನು ಒಂದು ಸಲ ನೀವೇ ನೋಡಬೇಕು ಅಕ್ಕಾ. ಪ್ರತಿ ಸಲ ವಿಚಾರಿಸಿಯೇ ಸಮಾಧಾನ ಮಾಡಿಕೊಂಡರೆ ಮನಸ್ಸಿಗೆ ಅದೇ ಅಭ್ಯಾಸವಾಗಿಬಿಡುತ್ತದೆ.
– ಗೃಹಿಣಿ, ಸರಸ್ವತಿಪುರಂ, ಮೈಸೂರು

ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ ಅಂತ ನೀವು ಬರೆದಿಲ್ಲ. ನನಗೆ ಐದು ಲೋಟ ಬೇಕಿತ್ತು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ಎರಡು ಲೋಟಕ್ಕೆ ಇಳಿಸಿದ ಮೇಲೆ ನಡುಕ ಎಷ್ಟೋ ಕಡಿಮೆಯಾಯಿತು. ಒಂದೇ ಸಲ ಬಿಡಬೇಡಿ, ತಲೆನೋವು ಬರುತ್ತದೆ. ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಮಾಡಿಸಿ, ಅದು ಜಾಸ್ತಿಯಿದ್ದರೂ ಹೀಗೇ ಎದೆ ಹೊಡೆದುಕೊಳ್ಳುತ್ತದೆ.
– ನಿವೃತ್ತ ಮೇಷ್ಟ್ರು, ಮದ್ದೂರು

ಅಮ್ಮಾ, ನಾನೂ ನಿಮ್ಮ ಮಗನ ಥರಾನೇ, ಮಂಡ್ಯದಿಂದ ಮೈಸೂರಿಗೆ ಬೈಕು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹೊತ್ತು ಹೆಚ್ಚುಕಮ್ಮಿ ಆಗುತ್ತದೆ. ಜೇಬಿನಲ್ಲಿ ಫೋನ್ ಗುಂಯ್ ಅಂದರೆ ಅಮ್ಮನೇ ಅಂತ ಗೊತ್ತಾಗಿ ನಾನು ಇನ್ನೂ ಜೋರಾಗಿ ಓಡಿಸುತ್ತಿದ್ದೆ. ಇದನ್ನು ಹೇಳಿದ ದಿನ ಅಮ್ಮ ಅತ್ತುಬಿಟ್ಟಳು. ಈಗ ಗಾಡಿ ನಿಲ್ಲಿಸಿದ ಮೇಲೆ ನಾನೇ ಒಂದು ಮೆಸೇಜ್ ಹಾಕುತ್ತೇನೆ, ಅಷ್ಟೇ. ಅವಳು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದಳು. ಅದು ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿಯೂ ಇರುತ್ತದೆ. ನಿದ್ದೆ, ಊಟ ಕೆಟ್ಟಿದ್ದರೆ ಮನೋವೈದ್ಯರಿಗೆ ತೋರಿಸಿ. ಮಾತ್ರೆ ಬರೆದುಕೊಟ್ಟರೆ ಎರಡು ದಿನಕ್ಕೇ ಗುಣ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ, ಸಾಮಾನ್ಯವಾಗಿ ಕೆಲವು ವಾರ ಬೇಕು. ಮೊದಲ ಸಲ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಡಾಕ್ಟರು ಹೇಳುವುದನ್ನು ಅವನೂ ಕೇಳಿಸಿಕೊಳ್ಳಲಿ.
– ಫ್ಯಾಕ್ಟರಿ ನೌಕರ, ಮಂಡ್ಯ